ಕಂದು ಗೆರಿ ಹಲ್ಲಿನ ಕನ್ಯಾ

ಹಲ್ಲಿನ ಡಾಕ್ಟರ್ ಆದವಗ ನಗೂ ಪ್ರಸಂಗಕ್ಕ ಯಾವತ್ತೂ ಬರ ಇಲ್ಲ ನೋಡ್ರಿ. ಬಾಯಿ ತೆರೀರಿ ಅಂದ್ರ ಸಾಕು, ಹಲ್ಲು ಕಾಣೂಕಿಂತ ಮೊದಲ ಮನಿ ಸುದ್ದಿ ಹೊರಗ ಬರ್ತಾವ.

ಎಮರ್ಜನ್ಸಿ ಮುಗಿದ ಹೊಸದರಾಗ ನಾ ಹುನಗುಂದದಾಗ ಕೋರ್ಟಿಗೆ ಹೋಗೂ ಹಾದ್ಯಾಗ ಒಂದು ಖೋಲಿ ಹಿಡದು ದವಾಖಾನಿ ತೆರೆದಿದ್ದೆ. ಕರೆಂಟ್ ತನಗ ಮನಸ್ಸು ಬಂದಾಗ ಬರ್ತಿತ್ತು. ಹಿಂಗಾಗಿ ನನ್ನ ಹಲ್ಲು ಕೊರಿಯೂ ಮಷಿನ್ ಕಾಲಿಲೆ ತುಳಿಯೂದು. ಹೊರಗಿಂದ ನೋಡಿದವ್ರು ಟೇಲರ್ ಅಂತ ತಿಳಕೊಂಡು ಚೊಣ್ಣದ ಅರಿವಿ ಹಿಡಕೊಂಡು ಒಳಗ ಬರ್ತಿದ್ರು. ಕೋರ್ಟಿಗೆ ಬಂದ ಮಂದಿ ತಾರೀಖು ಮುಂದ ಹೋತಂದ್ರ ಹೊತ್ತು ಕಳಿಯಾಕ ನನ್ನ ಕಟ್ಟಿ ಮ್ಯಾಲೆ ಕುಂತು, ಒಳಗಿನವ್ರು ಚೀರೂದು ಕೇಳಿ ಸಮಾಧಾನ ಆಗಿ ಹೋಗತಿದ್ರು.

ನನಗ ಒಂದು ಹುಚ್ಚಿತ್ತು. ಏನ ಕಂಡ್ರೂ ಯಾಕ ಅಂತ ಕೇಳೂದು. "ಇವನ ಬಾಯಾಗ ಹಲ್ಲಿಗಿಂತ ಪ್ರಶ್ನಿ ಜಾಸ್ತಿ ಅದಾವ" ಅಂತ ನಮ್ಮವ್ವ ಬೈತಿದ್ಲು. ಆ ಹುಚ್ಚಿನಿಂದಾನ ನಾ ಒಂದು ಮನಿಯವ್ರ ಕನ್ಯಾದ ಭಾನಗಡಿಯೊಳಗ ಸಿಕ್ಕೊಂಡೆ.

೧. ಛಲೋ ಹಲ್ಲು

ಒಂದಿನ ಮಧ್ಯಾಹ್ನ ಒಬ್ಬ ಒಕ್ಕಲಿಗ ಬಂದ. ಪಟಕಾ ಸುತ್ತಿದ್ದ, ಹಣಿ ತುಂಬ ಈಬತ್ತಿ ಹಚ್ಚಿದ್ದ. ಹಿಂದ ಮಗಳು, ಸೆರಗಿಲೆ ಬಾಯಿ ಮುಚ್ಚಿಕೊಂಡು ನಿಂತಿದ್ಲು. ಅವರ ಊರು ಹುನಗುಂದದಿಂದ ಮೂಡಲಕ್ಕ. ಹೆಸರು ಹೇಳಂಗಿಲ್ಲ, ಅಲ್ಲೆ ಇನ್ನೂ ಲಗ್ನದ ಹುಡಿಗ್ಯಾರು ಅದಾರ.

"ಹಲ್ಲು ಬ್ಯಾನಿ ಐತೇನು?" ಅಂದೆ.

"ಬ್ಯಾನಿ ಹಲ್ಲಿಗಿಲ್ರಿ, ನನಗೈತಿ" ಅಂದ ತಂದಿ. "ಎರಡು ಮನಿಯವ್ರು ಬಂದು ಕನ್ಯಾ ನೋಡಿ ಹೋದ್ರು. ಬಣ್ಣ ಛಲೋ, ನಡತಿ ಛಲೋ, ಮ್ಯಾಟ್ರಿಕ್ ಪಾಸು. ಹುಡುಗಿ ಬಾಯಿ ತೆರೆದು ಹೆಸರು ಹೇಳಿದ್ಲು ನೋಡ್ರಿ, ಚಾ ಸೈತ ಪೂರಾ ಕುಡೀಲಾರದ ಎದ್ದು ಹೋದ್ರು. ಬರೋ ಹುಣ್ಣಿಮಿ ಕಳದ ಮ್ಯಾಲೆ ಕೆರೂರಿಂದ ಇನ್ನೊಂದು ಮನಿಯವ್ರು ಬರಾವ್ರದಾರ. ಮಿಠಾಯಿ ಅಂಗಡಿ ಮಂದಿ, ಉಂಡು ತಿಂದು ಇರೂವಂಥ ಮನಿ. ಅಷ್ಟ್ರಾಗ ಹಲ್ಲು ಬೆಳ್ಳಗ ಮಾಡಿಕೊಡ್ರಿ."

ಹುಡುಗಿ ಖುರ್ಚಿ ಮ್ಯಾಲೆ ಕುಂತ್ಲು. ಸೆರಗು ಮಾತ್ರ ಬಿಡವಲ್ಲಳು. ಒತ್ತಾಯ ಮಾಡಿ ಬಾಯಿ ತೆರೆಸಿ ನೋಡಿದ್ರ, ಮುಂದಿನ ಹಲ್ಲಿನ ಮ್ಯಾಲೆ ಅಡ್ಡಡ್ಡ ಕಂದು ಗೆರಿ, ಚಾ ಸೋಸೂ ಅರಿವಿ ಬಣ್ಣ. ಆದ್ರ ಒಳಗ ಹೋಗಿ ದವಡಿ ಹಲ್ಲು ಒಂದೊಂದ ಬಡದು ನೋಡಿದೆ. ಒಂದೂ ಹುಳುಕಿಲ್ಲ! ಒಂದು ತೂತಿಲ್ಲ! ಅಂಥಾ ಬಾಯಿ ನಾ ಕಾಲೇಜಿನ ಪುಸ್ತಕದಾಗೂ ಕಂಡಿದ್ದಿಲ್ಲ. ನನಗ ಖುಷಿ ತಡಕೊಳ್ಳಾಕ ಆಗಲಿಲ್ಲ.

"ಏನ್ ಛಲೋ ಹಲ್ಲು ಅದಾವ್ರಿ ಇವು! ಇಂಥಾ ಛಲೋ ಹಲ್ಲು ನಾ ಇಡೀ ತಾಲೂಕಿನಾಗ ನೋಡಿಲ್ಲ" ಅಂದೆ.

ತಂದಿ ಒಮ್ಮೆ ನನ್ನ ಅಡಿಯಿಂದ ಮುಡಿತನಕ ನೋಡಿದ. ಖುರ್ಚಿ ಸರಿಸಿಕೊಂಡು ಹತ್ತರ ಕುಂತ.

"ಡಾಕ್ಟರ, ನಿಮ್ಮ ಲಗ್ನ ಆಗೇತೇನ್ರಿ?"

೨. ಮಹಾಕೂಟದ ಹಾದ್ಯಾಗ

ನನ್ನ ಲಗ್ನ ಆಗಿತ್ತು, ಪಾರಾದೆ. ಆದ್ರ ಹುಡುಗಿದು ಮನಸ್ಸಿನಿಂದ ಹೋಗಲಿಲ್ಲ. ಅಕಿಗೆ ನಗು ಭಾಳ ಇತ್ತು. ನನ್ನ ಮಷಿನ್ ನೋಡಿ "ಇದಕ್ಕ ದಾರ ಎಲ್ಲೆ ಪೋಣಸ್ತೀರಿ?" ಅಂತ ಕೇಳಿ ನಕ್ಕಿದ್ಲು. ಆದ್ರ ಆ ನಗು ಸೆರಗಿನ ಒಳಗ. ಹರೇದ ಹುಡುಗಿ ನಗಾಕ ಅರಿವಿ ಅಡ್ಡ ಹಿಡೀತಾಳ ಅಂದ್ರ ನನಗ ಭಾಳ ಕೆಟ್ಟ ಅನಿಸಿತು.

ಮುಂದಿನ ಸಲ ಅವರ ಜೋಡಿ ಹುಡುಗಿಯ ಆಯಿ, ಅಂದ್ರ ತಂದಿಯ ಅವ್ವ, ಬಂದ್ಲು. ಮುದುಕಿ ವಯಸ್ಸಿನಾಗ ಮಾಗಿದ್ಲು, ಬಾಯಾಗ ಹಲ್ಲು ಮಾತ್ರ ಹಂಗ ಇದ್ವು, ಅವೂ ಕಂದು. "ಅದು ಹುಳ ಉಗುಳಿದ ಬಣ್ಣ. ಹುಳ ತೆಗಿಸಿದ್ರ ಹಲ್ಲು ಬೆಳ್ಳಗ ಆಗ್ತಾವ. ಬದಾಮಿ ಕಡೆ, ಮಹಾಕೂಟಕ್ಕ ಹೋಗೂ ಹಾದ್ಯಾಗ ಒಬ್ಬಾಕಿ ಕೂಡ್ತಾಳ, ಹೊಗಿ ಹಾಕಿ ಹುಳ ಬೀಳಸ್ತಾಳ" ಅಂದ್ಲು.

"ಆಯಿ, ಹಲ್ಲಾಗ ಹುಳ ಇರಂಗಿಲ್ಲ. ಬೆಲ್ಲ, ಸಕ್ರಿ ತಿಂತೀವಿ. ಅದು ಹಲ್ಲಿನ ಸಂದ್ಯಾಗ ಕುಂದರತೈತಿ. ಕಣ್ಣಿಗೆ ಕಾಣದಂಥ ಜಂತು ಅದನ್ನ ತಿಂದು ಹುಳಿ ಬಿಡ್ತಾವ. ಆ ಹುಳಿ ಹಲ್ಲು ಕೊರಿತೈತಿ" ಅಂತ ನಾ ತಿಳಿಸಿ ಹೇಳಿದೆ.

"ಅದನ್ನ ನಾನೂ ಹೇಳಿದ್ದು. ಜಂತು ಅಂದ್ರೇನು, ಆನಿಯೇನು?" ಅಂದ್ಲು.

ಆ ಹುಳ ನೋಡಬೇಕಂತ ನನಗೂ ತಲ್ಯಾಗ ಹೊಕ್ಕಿತು. ರವಿವಾರ ಅವರ ಜೋಡಿ ನಾನೂ ಬಸ್ ಹತ್ತಿದೆ. ಗಿಡದ ಬುಡಕ ಆ ಹೆಣ್ಮಗಳು ಕುಂತಿದ್ಲು. ಕಾದ ಕುಡುಗೋಲಿನ ಮ್ಯಾಲೆ ಎಣ್ಣಿ ಸುರದು, ಮುಳ್ಳಬದನಿ ಬೀಜ ಉದುರಿಸಿ, ಮ್ಯಾಲೆ ಮಗಿ ಡಬ್ಬ ಹಾಕಿ, ನಳಿಗಿಲೆ ಹೊಗಿ ಬಾಯಾಗ ಬಿಡ್ತಿದ್ಲು. ಆಮ್ಯಾಲೆ ಮಗಿ ನೀರಾಗ ತೊಳದ್ರ ಬೆಳ್ಳನ್ನ ಹುಳ ತೇಲತಿದ್ವು. ಹುಡುಗಿ ಬಾಯಿಂದಾನೂ ಬಿದ್ವು. ಆಯಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ಲು.

"ನನಗೂ ಹಾಕವಾ" ಅಂತ ನಾ ಮುಂದ ಕುಂತೆ. ನನ್ನ ಹಲ್ಲು ನಾನ ದಿನಾ ಕನ್ನಡಿಯೊಳಗ ನೋಡಾಂವ, ಒಂದೂ ಹುಳುಕಿದ್ದಿಲ್ಲ. ಹೊಗಿ ಕುಡದು ಕಣ್ಣಾಗ ನೀರು ಬಂತು. ಮಗಿ ತೊಳದ್ರ ನನ್ನ ಬಾಯಿಂದಾನೂ ಹುಳ ಬಿದ್ವು, ಹುಡುಗೀವಕ್ಕಿಂತ ಜಾಸ್ತಿ! ಅಲ್ಲಿದ್ದ ಪರಿಷಿ ಮಂದಿ ಎಲ್ಲಾ ನೆರೆದು "ಪಾಪ, ಹಲ್ಲಿನ ಡಾಕ್ಟರಂತ" ಅಂತ ಲೊಚಗುಟ್ಟಿದ್ರು.

ನನ್ನ ಬಾಯಿಂದ ಬಿದ್ದದ್ದರಾಗ ಒಂದು ಹುಳ ಕಾಗದದಾಗ ಕಟಗೊಂಡು ಬಂದು ಭೂತಗನ್ನಡಿ ಹಿಡದು ನೋಡಿದೆ. ಹುಳಲ್ಲ ಏನಲ್ಲ, ಕಾವಿಗೆ ಬೀಜ ಒಡದು ಒಳಗಿನ ಮೊಳಕಿ ಸುರುಳಿ ಸುತ್ತಿಕೊಂಡು ಹೊರಗ ಬಂದಿತ್ತು. ದೊಡ್ಡ ಗುಟ್ಟು ಹಿಡದವರಂಗ ಆಯಿಯನ್ನ ಕರೆಸಿ ಕನ್ನಡ್ಯಾಗ ತೋರಿಸಿದೆ. "ನೋಡಬೇ, ಇದು ಬರೇ ಬದನಿ ಬೀಜ."

ಆಯಿ ಭಾಳ ಹೊತ್ತು ನೋಡಿದ್ಲು. ಆಮ್ಯಾಲೆ ಕನಿಕರದಿಂದ ನನ್ನ ಮಾರಿ ನೋಡಿದ್ಲು.

"ಬಾಯಾಗ ಇಷ್ಟು ಬದನಿ ಬೀಜ ಇಟಗೊಂಡು ತಿರಗ್ತಿಯಲ್ಲೋ ಮಗನ, ಊಟ ಆದ ಮ್ಯಾಲೆ ಬಾಯಿ ಮುಕ್ಕಳಸೂದು ನಿಮ್ಮ ಕಾಲೇಜಿನಾಗ ಕಲಿಸಿಲ್ಲೇನು?"

೩. ಇಳಕಲ್ಲಿನ ಅತ್ತಿ

ಹುಣ್ಣಿಮಿಗೆ ಇನ್ನ ಎರಡು ವಾರ ಇತ್ತು. ಹುಡುಗಿ ಹಿತ್ತಲದಾಗ ಇಟಂಗಿ ಪುಡಿ, ಇದ್ದಲಿ, ಲಿಂಬಿಹುಳಿ ಎಲ್ಲಾ ಹಚ್ಚಿ ತಿಕ್ಕಾಕ ಹತ್ಯಾಳ ಅಂತ ಸುದ್ದಿ ಬಂತು. ನಾ ಸಿಟ್ಟಿಗೆದ್ದೆ. "ಗೆರಿ ಹಲ್ಲಿನ ಮೈಯೊಳಗಿಂದ ಬಂದದ್ದು, ತಿಕ್ಕಿದ್ರ ಹೋಗಂಗಿಲ್ಲ. ಹುಳಿ ಹಚ್ಚಿ ತಿಕ್ಕಿದ್ರ ಮ್ಯಾಲಿನ ಹೊಳಪು ಸವದು, ಚಾ ಕುಡಿದ್ರ ಝುಂ ಅಂತಾವ" ಅಂತ ಬೈದೆ.

"ಹಂಗಾರ ಮ್ಯಾಲೆ ಬಿಳೇ ಮಸಾಲಿ ಮೆತ್ತಿ ಬಿಡ್ರಿ" ಅಂದ ತಂದಿ. ಮುಂದಿನ ಹಲ್ಲಿಗೆ ತುಂಬೂ ಬಿಳೇ ಮಸಾಲಿ ನನ್ನ ಹತ್ತರ ಇತ್ತು. ಆದ್ರ ಅದನ್ನ ಹಿಡಿಸಬೇಕಂದ್ರ ಗಟ್ಟಿ ಹಲ್ಲು ಕೆರದು ತಗ್ಗು ಮಾಡಬೇಕು. ನನಗ ಕೈ ಬರವಲ್ದು. ತಂದಿ ಕೈ ಮುಗದು ಕುಂತುಬಿಟ್ಟ.

ಆವಾಗ ಅವನ ತಂಗಿ, ಹುಡುಗಿಯ ಅತ್ತಿ, ನಡುವ ಬಂದ್ಲು. ಅಕಿ ಇಳಕಲ್ಲಿನಾಗ ಮಗ್ಗದ ಮನಿಯಾಕಿ. ಸೀರಿ ಮೈಗೆ ಸೆರಗು ಕೂಡಿಸೂವಾಗ ಎಳಿ ಎಳಿ ಗಂಟು ಹಾಕಿ, ತುದಿ ಹಲ್ಲಿಲೆ ಕಟಕ್ ಅಂತ ಕಡೀತಾರ. ಅಕಿ ಹಲ್ಲು ಬೆಳ್ಳಗ ಇದ್ವು, ಆದ್ರ ಕಡದು ಕಡದು ಮ್ಯಾಲಿನ ಮುಂದಿನ ಹಲ್ಲಿನ ತುದಿ ಕಚ್ಚು ಬಿದ್ದಿತ್ತು, ದಾರ ಹೋಗೂವಷ್ಟು.

"ಮೊದಲ ನನ್ನ ಹಲ್ಲಿಗೆ ಮೆತ್ತಿ ತೋರಸ್ರಿ. ನಿಂತ್ರ ಹುಡುಗಿಗೆ ಮಾಡೀರಂತ" ಅಂದ್ಲು.

ನಾ ಮನಸ್ಸಿಟ್ಟು ಆ ಕಚ್ಚು ತುಂಬಿದೆ. ಗುರುತ ಸಿಗದಂಗ ಸಾಫ್ ಮಾಡಿದೆ. ಕನ್ನಡಿ ಹಿಡದೆ. ಅತ್ತಿ ಖುಷಿ ಆಗಿ "ಲಗ್ನದಾಗ ಇದ್ದಂಗ ಆತು ನೋಡ್ರಿ" ಅಂತ ಹೋದ್ಲು.

ಎಂಟು ದಿನಕ್ಕ ಅಣ್ಣನ್ನೂ ಹುಡುಗಿನೂ ಕರಕೊಂಡು ತಿರುಗಿ ಬಂದ್ಲು. ಮಾರಿ ಕೆಂಪಗ.

"ಏನ್ ಮಾಡಿಟ್ರಿ ಇದು? ದಾರ ಹಲ್ಲಿಗೆ ಕೊಟ್ರ ಜಾರಿ ಜಾರಿ ಹೋಗ್ತೈತಿ. ಮೊದಲ ಕಟಕ್ ಅಂದ್ರ ಎಳಿ ಕತ್ತರಿಸಿತು ಅಂತ ಅರ್ಥ. ಈಗ ಎಳಿ ಚೀಪಿ ಚೀಪಿ ಬಾಯಾಗ ಬಣ್ಣ ಹತ್ತಾಕತ್ತೈತಿ. ಮಗ್ಗದ ಮ್ಯಾಲಿನ ಸೀರಿ ಹಂಗ ನಿಂತೈತಿ. ತೆಗೀರಿ ಇದನ್ನ!"

ನಾ ಬಾಯಿ ಮುಚ್ಚಿಕೊಂಡು ಮಷಿನ್ ತುಳದು ಮಸಾಲಿ ತೆಗೆದೆ. ಅತ್ತಿ ಸೊಂಟದಾಗ ಸಿಗಿಸಿದ್ದ ರೇಷ್ಮಿ ಎಳಿ ತೆಗದು ಹಲ್ಲಿಗೆ ಕೊಟ್ಲು. ಕಟಕ್!

"ಈಗ ಹಲ್ಲು ರಿಪೇರಿ ಆತ ನೋಡ್ರಿ" ಅಂದ್ಲು.

ಬಾಗಿಲದಾಗ ನಿಂತಿದ್ದ ಹುಡುಗಿ "ನನಗೂ ಮೆತ್ತೂದು ಬ್ಯಾಡ್ರಿ" ಅಂದ್ಲು. ತಂದಿ ತಲಿ ಮ್ಯಾಲೆ ಕೈ ಹೊತ್ತ. ನನಗ ಮಾತ್ರ ಎದಿ ಮ್ಯಾಲಿನ ಕಲ್ಲು ಇಳದಂಗ ಆತು.

೪. ಊರಿಗೆ ಊರ ಕಂದು

ಯಾಕ ಅನ್ನೂ ಹುಳ ನನ್ನ ತಲ್ಯಾಗ ಕೊರಿಯೂದು ಬಿಡಲಿಲ್ಲ. ತಂದಿ ಕಂದು, ಆಯಿ ಕಂದು, ಮಗಳು ಕಂದು. ಆದ್ರ ಅದ ಮನ್ಯಾಗ ಹುಟ್ಟಿದ ಅತ್ತಿ ಹಲ್ಲು ಯಾಕ ಬೆಳ್ಳಗ? ಕೇಳಿದ್ರ, ಅತ್ತಿ ಸಣ್ಣಾಕಿದ್ದಾಗ ಹೊಳಿ ದಂಡಿಯ ಸೋದರಮಾವನ ಮನ್ಯಾಗ ಬೆಳದಾಕಿ ಅಂತ ಗೊತ್ತಾತು.

ಒಂದು ಸಂತಿ ದಿನ ಅವರ ಊರಿಗೇ ಹೋದೆ. ಬಸ್ಸಿನಿಂದ ಇಳದ್ರ ಕಟ್ಟಿ ಮ್ಯಾಲೆ ಕುಂತವರೆಲ್ಲಾ ಕಂದು ಹಲ್ಲು ಬಿಟ್ಟು "ಬರ್ರಿ ಡಾಕ್ಟರ" ಅಂದ್ರು. ಸಾಲಿ ಹುಡುಗರನ್ನ ಸಾಲು ಹಚ್ಚಿ ಬಾಯಿ ನೋಡಿದೆ. ಗೆರಿ ಎಲ್ಲಾರಿಗೂ ಇತ್ತು, ಹುಳುಕು ಹುಡುಕಿದ್ರ ಒಂದೋ ಎರಡೋ. ಕೆರೂರ ಸಾಲ್ಯಾಗ ನಾ ಹಿಂದ ನೋಡಿದ್ದೆ. ಅಲ್ಲೆ ಹಲ್ಲು ಮಲ್ಲಿಗಿ ಮೊಗ್ಗಿನಂಗ, ಬಾಯಿ ತೆರದ್ರ ಹಿಂದ ಎಲ್ಲಾ ತೂತು.

ಊರಿಗೆಲ್ಲಾ ಒಂದ ಬಾವಿ. ನೀರು ಬಾಟ್ಲಿಯೊಳಗ ತುಂಬಿ ತಪಾಸಣಿಗೆ ಧಾರವಾಡಕ್ಕ ಕಳಿಸಿದೆ. ನನ್ನ ಸಂಶೆ ಖರೆ ಆತು. ನೀರಾಗ ಫ್ಲೋರೈಡ್ ಅನ್ನೂ ಕಲ್ಲಿನ ಸತ್ವ ಜಾಸ್ತಿ. ಹಲ್ಲು ಇನ್ನೂ ಒಸಡಿನೊಳಗ ತಯಾರಾಗೂವಾಗ ಅದು ಒಳಗ ಹೋದ್ರ ಹಲ್ಲಿಗೆ ಗೆರಿ ಬೀಳ್ತೈತಿ, ಆದ್ರ ಹುಳುಕಿಗೆ ಸುಲಭಕ್ಕ ಜಗ್ಗಂಗಿಲ್ಲ. ಹಂಗಂತ ಆ ನೀರು ಅಮೃತ ಅಲ್ಲ, ಭಾಳಾದ್ರ ಹಲ್ಲು ಪುಡಿ ಆಗ್ತಾವ, ಎಲವಿಗೂ ಕೇಡು. ಮುಂದಿನ ಸಂತಿ ದಿನ ಮತ್ತ ಆ ಊರಿಗೆ ಹೋಗಿ, ಕಟ್ಟಿ ಮ್ಯಾಲೆ ನಿಂತು ಊರ ಮಂದಿಗೆ ಹೇಳಿದೆ: "ಸಣ್ಣ ಮಕ್ಕಳಿಗೆ ಈ ಬಾವಿ ನೀರು ಕುಡಸಬ್ಯಾಡ್ರಿ. ಹೊಳಿ ನೀರು ತರ್ರಿ, ಇಲ್ಲಾ ಮಳಿ ನೀರು ಹಿಡದಿಡ್ರಿ. ಹಲ್ಲು ಬೆಳ್ಳಗ ಬರ್ತಾವ."

"ಬೆಳ್ಳನ್ನ ಹಲ್ಲು ನಮ್ಮೂರಾಗೂ ಅದಾವ್ರಿ" ಅಂದ ಒಬ್ಬ ಹಿರ್ಯಾ. "ನಮ್ಮ ಸಾಲಿ ಮಾಸ್ತರವು. ಪರ ಊರಿನವ್ರು. ದಿನಾ ಬ್ರಷ್ ಹಿಡದು ಹುಡುಗರಿಗೆ ಹಲ್ಲಿನ ಪಾಠ ಮಾಡ್ತಾರ."

"ಎಲ್ಲದಾರ ಮಾಸ್ತರ? ಅವರದೂ ಬಾಯಿ ನೋಡತೇನಿ" ಅಂದೆ.

"ಮಾಸ್ತರ ಸಂತಿಗೆ ಹೋಗ್ಯಾರ್ರಿ. ಹಲ್ಲು ಸಾಲ್ಯಾಗ ಗ್ಲಾಸಿನಾಗ ಅದಾವ, ತರಲೇನು?"

೫. ಕೆರೂರವ್ರು ಬಂದ್ರು

ಹುಣ್ಣಿಮಿ ಕಳೀತು. "ಡಾಕ್ಟರ, ನೀವು ಬಂದು ಕುಂದರ್ರಿ. ಇದು ರೋಗ ಅಲ್ಲ ಅಂತ ನಿಮ್ಮ ಬಾಯಿಲೆ ಹೇಳಿದ್ರ ನಂಬತಾರು. ಈ ಮನಿಯವ್ರೂ ಎದ್ದು ಹೋದ್ರ ಮಗಳು ಇನ್ನ ಯಾರ ಮುಂದೂ ಕುಂದರಂಗಿಲ್ಲ ಅಂದಾಳ" ಅಂತ ತಂದಿ ಹೇಳಿ ಕಳಿಸಿದ. ಇರಲಿ ಅಂತ ಸಾಮಾನಿನ ಚೀಲಾನೂ ತಗೊಂಡು ಹೋದೆ.

ಕೆರೂರಿಂದ ಮೂರು ಮಂದಿ ಬಂದಿದ್ರು. ಹುಡುಗ, ಅವನಪ್ಪ, ಅವನ ಸೋದರಮಾವ. ಹುಡುಗ ನೋಡಾಕ ಛಲೋ ಇದ್ದ, ನಕ್ಕರ ಮುಂದಿನ ಹಲ್ಲು ಪಳಪಳ. ಮಾವ ಪಕ್ಕಾ ವ್ಯವಹಾರದಾಂವ. ಹಲ್ಲಿನ ಸುದ್ದಿ ಕಿವಿಗೆ ಬಿದ್ದಿರಬೇಕು, ಚೀಲದಿಂದ ಡಬ್ಬಿ ತೆಗದ.

"ನಮ್ಮ ಅಂಗಡಿ ಶೇಂಗಾ ಚಿಕ್ಕಿ. ಹುಡುಗಿ ನಮ್ಮ ಮುಂದ ತಿನ್ನಲಿ. ಅದು ನಮ್ಮ ಮನಿ ಪದ್ಧತಿ" ಅಂದ. ಅಂಥಾ ಪದ್ಧತಿ ಐತಂತ ಹುಡುಗನ ಅಪ್ಪಗ ಸೈತ ಗೊತ್ತಿದ್ದಂಗ ಕಾಣಲಿಲ್ಲ.

ಹುಡುಗಿ ತಲಿ ಬಗ್ಗಿಸಿ ಕುಂತಿದ್ಲು. ತಂದಿ ಮಾರಿ ಬಾಡಿತು. ಅಕಿ ಒಮ್ಮೆ ಆಯಿ ಕಡೆ ನೋಡಿದ್ಲು. ಆಮ್ಯಾಲೆ ಸೆರಗು ಕೆಳಗ ಬಿಟ್ಟು, ಎಲ್ಲಾದಕ್ಕಿಂತ ದೊಡ್ಡ ತುಂಡು ತಗೊಂಡು ಮುಂದಿನ ಹಲ್ಲಿಲೆ ಕಟಕ್ ಅಂತ ಮುರದು ನುರಿಸಿ ನುಂಗಿದ್ಲು. ಗೆರಿ ಎಲ್ಲಾ ಬಿಸಿಲಿಗೆ ಕಂಡ್ವು.

ಮಾವ ಗಂಟಲ ಸರಿ ಮಾಡಿಕೊಂಡ. "ಅಲ್ಲಾ, ಹಲ್ಲು ಒಂದೀಟು..."

"ಈಗ ನಿಮ್ಮ ಹುಡುಗ ತಿನ್ನಲಿ" ಅಂದ್ಲು ಆಯಿ ನಡುವ ಬಾಯಿ ಹಾಕಿ.

"ಅವ ಯಾಕ ತಿನ್ನಬೇಕು?"

"ಎತ್ತು ತರೂವಾಗ ಹಲ್ಲು ಹಿಡದು ನೋಡಿ ತರ್ತೀವಿ. ಅಳಿಯನ್ನ ಮಾಡಿಕೊಳ್ಳೂವಾಗ ಕಣ್ಣು ಮುಚ್ಚಿಕೋಬೇಕೇನು? ತಿನ್ನಪಾ, ನಿಮ್ಮ ಅಂಗಡಿದ ಐತಿ."

ಹುಡುಗ ಸಣ್ಣ ತುಂಡು ತಗೊಂಡು ಚೀಪಾಕ ಹತ್ತಿದ. "ಚೀಪೂದು ನನ್ನ ಮರಿಮಗನೂ ಮಾಡ್ತಾನ, ಕಡಿ" ಅಂದ್ಲು ಆಯಿ. ಹುಡುಗ ದೇವರ ನೆನದು ಕಡದ. ಕಡದವನ "ಯಪ್ಪಾ!" ಅಂತ ಚೀರಿ ಗಲ್ಲ ಹಿಡಕೊಂಡು ಜಮಖಾನಿ ಮ್ಯಾಲೆ ಉರುಳಿದ.

ಓಡಿ ಹೋಗಿ ಬಾಯಿ ತೆರೆಸಿದೆ. ಸಣ್ಣಾಂವಿದ್ದಾಗಿಂದ ಕೊಪ್ಪರಿಗಿ ಮುಂದ ಕುಂತು ಪಾಕದ ಎಳಿ ಬಂತೋ ಇಲ್ಲೋ ಅಂತ ನಾಲಿಗಿಲೆ ನೋಡಿದ ಬಾಯಿ ಅದು. ಮುಂದ ಅರಮನಿ, ಹಿಂದ ಹಾಳು ಹಂಪಿ. ಒಂದು ದವಡಿ ಹಲ್ಲು ಬುಡಕ್ಕ ಕೀವು ತುಂಬಿತ್ತು, ಉಳಿಸಾಕ ಬರೂವಂಗ ಇರಲಿಲ್ಲ. ಉಳದಾವು ತುಂಬಿಸಿದ್ರ ಬದಕೂವಂಥಾವು.

ಅಲ್ಲೇ ಅಂಗಳದಾಗ ಬಿಸಿಲಿಗೆ ಕುಂದರಿಸಿ, ಇಂಜಕ್ಷನ್ ಕೊಟ್ಟು ಆ ಹಲ್ಲು ಕಿತ್ತೆ. ಹುಡುಗಿ ತಾಟು ಹಿಡದು ಬಗ್ಗಿ ಬಗ್ಗಿ ಅವನ ಬಾಯಿ ಪೂರಾ ನೋಡಿದ್ಲು. ಕನ್ಯಾ ನೋಡಾಕ ಬಂದವನ್ನ ಅಷ್ಟು ಕೂಲಂಕಷ ನೋಡಿದ ಕನ್ಯಾ ನಮ್ಮ ಕಡೆ ಇನ್ನೊಬ್ಬಾಕಿ ಇರಾಕಿಲ್ಲ. ನೋಡಿ ಅಕಿಗೆ ನಗು ಬಂತು. ಸೆರಗು ಹಿಡಿಯಾಕ ಕೈ ಖಾಲಿ ಇರಲಿಲ್ಲ, ಹಂಗ ನಕ್ಕುಬಿಟ್ಲು. ಹುಡುಗ ಬಾಯಾಗ ಹತ್ತಿ ಇಟಗೊಂಡು, ಆ ನಗೂನ ಪಿಳಿಪಿಳಿ ನೋಡಿಕೋತ ಕುಂತ.

ಮಾವನ ಸೊಕ್ಕು ಇಳದಿತ್ತು. "ಆತ್ರಿ, ಬಣ್ಣದ ಮಾತು ಬಿಡೂಣು. ಹುಡುಗಿ ನಮಗ ಒಪ್ಪಿಗಿ" ಅಂದ. ಹುಡುಗ ಜೋರಾಗಿ ಗೋಣು ಹಾಕಿದ. ತಂದಿ ಕಣ್ಣೊರಸಿಕೊಂಡು ಕೈ ಮುಗಿಯಾಕ ಎದ್ದ.

"ಅಪ್ಪಾ, ತಡಿ" ಅಂದ್ಲು ಹುಡುಗಿ. "ನಾ ಇನ್ನೂ ಒಪ್ಪಿಲ್ಲ. ಉಳದ ಹಲ್ಲು ಡಾಕ್ಟರ ಕಡೆ ತುಂಬಿಸಿಕೊಂಡು ಬರ್ಲಿ. ಬಾಯಿ ನೋಡಿ ಹೇಳತೇನಿ."

ತಂದಿ ಕುಂತಲ್ಲೇ ಕುಸದ. ಬಂದ ಸಂಬಂಧ ಬಾಗಿಲತನಕ ಹೋತು ಅಂತ ನಾನೂ ತಿಳಕೊಂಡೆ. ಮಾವ ಚಿಕ್ಕಿ ಡಬ್ಬಿ ಮುಚ್ಚಿ ಎದ್ದ.

ಮುಂದಿನ ಸೋಮವಾರ ದವಾಖಾನಿ ಬಾಗಿಲು ತೆಗದ್ರ ಕಟ್ಟಿ ಮ್ಯಾಲೆ ಆ ಹುಡುಗ ಒಬ್ಬನ ಕುಂತಿದ್ದ, ಮೊದಲನೇ ಬಸ್ಸಿಗೆ ಬಂದಿದ್ದ. "ಎಷ್ಟು ನೋವಾದ್ರೂ ಆಗ್ಲಿ, ಎಲ್ಲಾ ತುಂಬಿಬಿಡ್ರಿ. ತೋರಸಾಕ ಹೋಗಬೇಕು" ಅಂದ. ವಾರ ವಾರ ಬಂದ. ಪಾಕ ನಾಲಿಗಿಗೆ ಹಚ್ಚಿ ನೋಡೂದು ಬಿಟ್ಟ, ಬೆರಳಿಲೆ ಎಳಿ ನೋಡೂದು ಕಲತ. ರಾತ್ರಿ ಉಂಡ ಮ್ಯಾಲೆ ಹಲ್ಲು ತಿಕ್ಕಾಕ ಹತ್ತಿದ. ನಾ ತುಳದು ತುಳದು ಕಾಲು ಬಾತ್ವು. ದವಡಿ ಹಲ್ಲಿಗೆಲ್ಲಾ ಗಟ್ಟಿ ಬೆಳ್ಳಿ ಮಸಾಲಿ ತುಂಬಿದೆ.

ಆಮ್ಯಾಲೆ ಎಲ್ಲಾರೂ ಮತ್ತ ಆ ಊರಿಗೆ ಹೋದ್ವಿ. ಈ ಸಲ ಜಮಖಾನಿ ಮ್ಯಾಲೆ ಹುಡುಗನ್ನ ಕುಂದರಿಸಿದ್ರು. ನೋಡಾಕ ಊರ ಊರ ನೆರೆದಿತ್ತು. ಹುಡುಗಿ ನನ್ನ ಕೈಯಾಗಿನ ಸಣ್ಣ ಕನ್ನಡಿ ಕಸಗೊಂಡು "ಬಾಯಿ ತೆರೀರಿ" ಅಂದ್ಲು. ಅವ ತೆರದ. ಬೆಳ್ಳಿ ಮಸಾಲಿ ಹಾಕಿದ ಹೊಸದರಾಗ ಹೊಳೀತೈತಿ, ಬರಬರ್ತ ಕರ್ರಗ ಆಗ್ತೈತಿ. ನಾ ಅದನ್ನ ಹುಡುಗಗ ಹೇಳಿದ್ದಿಲ್ಲ.

ಅಕಿ ಆ ಕಡೆ ದವಡಿ ನೋಡಿದ್ಲು, ಈ ಕಡೆ ದವಡಿ ನೋಡಿದ್ಲು. ಕನ್ನಡಿ ನನ್ನ ಕೈಯಾಗ ಕೊಟ್ಟು, ಆಯಿ ಕಡೆ ಹೊಳ್ಳಿದ್ಲು.

"ಆಯಿ, ಹಲ್ಲು ಕರ್ರಗದಾವ" ಅಂದ್ಲು. ಕೆರೂರವ್ರ ಮಾರಿ ಇಳೀತು.

"ಇರ್ಲಿ, ಗಟ್ಟಿ ಅದಾವ" ಅಂದ್ಲು ಹುಡುಗಿ. "ಹುಡುಗ ನನಗ ಒಪ್ಪಿಗಿ."